ವಿಳಾಸದ ಕಾಲಂ

ಎಂಟುನೂರ ಒಂದು ಸಹಿ ಬೇಕಿತ್ತು.
ದುಲಾಮ್‌ಸುರೆನ್ ಚಳಿಗಾಲವಿಡೀ ಬೈಕಿನಲ್ಲಿ
ಗುಡಾರದಿಂದ ಗುಡಾರಕ್ಕೆ ಅಲೆದು
ಉಪ್ಪು ಹಾಕಿದ ಚಹಾ ಕುಡಿದೂ ಕುಡಿದೂ
ಎಂಟುನೂರ ಇಪ್ಪತ್ತು ತಂದಿದ್ದಾಳೆ;
ಕೆಲವು ಹಾಳೆಗೆ ಕುರಿಯ ಜಿಡ್ಡು.

ಉಲಾನ್‌ಬಾತರಿನ ಕಚೇರಿಯಲ್ಲಿ ಗುಮಾಸ್ತ ಕನ್ನಡಕ ಏರಿಸಿದ:
"ಎಲ್ಲರ ವಿಳಾಸವೂ ಶಾರ್ಗಿನ್ ಹೊಳೆ, ಬಲದಂಡೆ.
ನಕ್ಷೆಯಲ್ಲಿ ಆ ಹೊಳೆಯೇ ಇಲ್ಲವಲ್ಲಮ್ಮ,
ಅಲ್ಲಿರುವುದು ಚಿನ್ನದ ಗಣಿ."

"ಅದಕ್ಕೇ ಸ್ವಾಮಿ, ಪಕ್ಷ."

ಅವನು ನಗಲಿಲ್ಲ.
ಮೊಹರೆತ್ತಿದ ಕೈ ಗಾಳಿಯಲ್ಲೇ ನಿಂತಿತು ಅರೆಗಳಿಗೆ.
"ನಮ್ಮಜ್ಜಿ ಒಂಟೆಗಳಿಗೆ ನೀರು ಕುಡಿಸುತ್ತಿದ್ದದ್ದು
ಅದರ ಎಡದಂಡೆಯಲ್ಲಿ," ಅಂದ,
ಯಾರಿಗೂ ಕೇಳಿಸಬಾರದೆಂಬಂತೆ.
ಆಮೇಲೆ ಒತ್ತಿದ: ತಿರಸ್ಕೃತ.

ಬಸ್‌ಸ್ಟಾಪಿನಲ್ಲಿ ಅವಳು ಕಟ್ಟು ಬಿಚ್ಚಿ ನೋಡುತ್ತಾಳೆ.
ಹೊಳೆಯ ಹೆಸರಿನ ಮೇಲೇ ಬಿದ್ದಿದೆ ಮೊಹರು,
ಶಾಯಿ ಇನ್ನೂ ಆರಿಲ್ಲ.
ಈ ವರ್ಷ ಆ ಹೊಳೆಗೆ
ಸಿಕ್ಕ ಪಸೆ ಇಷ್ಟೇ.