ಉಳಿಯೋ ಕಡೆಗೆ

ಹಿದ್ದ್‌ನ ಯಾರ್ಡಿಗೆ ಹುಲಗಪ್ಪ ಬಂದು ಇವತ್ತಿಗೆ ಒಂಬತ್ತು ದಿನ.
ಟಾರ್ಚ್ ಕೊಡ್ರಿ ಅನ್ನುತ್ತಾನೆ. ಕೊಡುವುದಿಲ್ಲ.
ಮೊದಲು ಇದನ್ನು ಹಿಡಿ, ಅಂದೆ.
ಹಿತ್ತಾಳೆ ಹಲ್ಲಿನ, ಬಿಗಿ ಸ್ಪ್ರಿಂಗಿನ,
ಏಡಿಯ ಕಚ್ಚುಗಾಲಿನಂಥ ಅರ್ತ್ ಕ್ಲ್ಯಾಂಪು.

ಹಳೆಯ ಟಗ್ ಬೋಟೊಂದರ ಪಕ್ಕೆ ಬಿಚ್ಚುವ ಕೆಲಸ,
ಹದಿನಾಲ್ಕು ಮಿಲ್ಲಿಯ ಪ್ಲೇಟು.
ಅವನು ಹೋಗಿ ಬಣ್ಣದ ಮೇಲೇ ಕಚ್ಚಿಸಿ ಬಂದ.
ಗುಂಡಿ ಒತ್ತಿದೆ.
ಗಾಳಿಯ ಸೀಟಿ, ತುದಿಯಲ್ಲಿ ನೀಲಿಯ ಒಂದು ಕೆಮ್ಮು.
ಅಷ್ಟೇ.

‘ಮಷೀನ್ ಕೆಟ್ಟೈತ್ರೀ’ ಅಂದ.
ಮಷೀನಿಗೇನೂ ಆಗಿಲ್ಲ ಮಾರಾಯ.
ಹೋದ ಕರೆಂಟು ಮರಳಿ ಬರಬೇಕಲ್ಲ,
ನೀನು ದಾರಿಗೆ ಅಡ್ಡ ಬಣ್ಣದ ಬಾಗಿಲು ಹಾಕಿದ್ದೀಯ.

ಫೈಲು ಕೊಟ್ಟೆ. ಉಜ್ಜಿದ.
ಮೊದಲು ಕಂಪನಿಯ ಬೂದು. ಅದರಡಿ ಹಸಿರು,
ಯಾವನೋ ಹಿಂದಿನ ಧಣಿಯದು.
ಹಸಿರಿನಡಿ ಕಿತ್ತಳೆ, ಕಿತ್ತಳೆಯಡಿ
ತಟ್ಟೆಗೆ ಅಂಟಿ ಒಣಗಿದ ಮೀನುಸಾರಿನ ಬಣ್ಣದ ಪ್ರೈಮರು.
ಆಮೇಲೆ ತುಕ್ಕು. ಆಮೇಲೂ ತುಕ್ಕು.
‘ಇನ್ನೆಷ್ಟ್ರೀ?’
ಮುಖ ಕಾಣುವಷ್ಟೇನೂ ಬೇಡ,
ಎಂಟಾಣೆಯಷ್ಟು ಬೆಳ್ಳಿ ಹೊಳೆದರೆ ಸಾಕು.

ನನಗಿದನ್ನು ಕಲಿಸಿದವನು ಸೆಬುವಿನ ರೊಡೆಲ್.
ನಮ್ಮಿಬ್ಬರ ನಡುವೆ ಇದ್ದದ್ದು ನಲವತ್ತು ಶಬ್ದ.
‘ನೊ ಪೇಂಟ್, ನೊ ಪೇಂಟ್’ ಎಂದು
ಗಾಳಿಯನ್ನೇ ಹೆಬ್ಬೆರಳಲ್ಲಿ ಉಜ್ಜಿ ತೋರಿಸುತ್ತಿದ್ದ.

ಆಗಸ್ಟು. ಹನ್ನೆರಡರಿಂದ ನಾಲ್ಕು ಬಯಲಲ್ಲಿ ಕೆಲಸವಿಲ್ಲ,
ಅದಕ್ಕೇ ರಾತ್ರಿ ಪಾಳಿ. ರಾತ್ರಿಯಾದರೇನು,
ಏರ್‌ಲೈನಿನ ಬಟ್ಟಲು ಬಿಚ್ಚಿದರೆ ಅರ್ಧ ಲೋಟ ನೀರು.
ಈ ಊರಿನ ಗಾಳಿ ಉಸಿರಾಡುವಂಥದ್ದಲ್ಲ,
ಅಗಿದು ನುಂಗಬೇಕು, ಅನ್ನುತ್ತಾನೆ ಫೋರ್‌ಮನ್ ಬೊನಿಫಾಸ್.

ಉಜ್ಜುತ್ತಲೇ ಹುಡುಗ ಕೇಳಿದ:
‘ಅರ್ತ್ ಅಂದ್ರ ಭೂಮಿ ಅಲ್ಲೇನ್ರೀ? ಇಲ್ಲಿ ಭೂಮಿ ಎಲ್ಲೈತಿ?’
ಕಾಂಕ್ರೀಟು ನೋಡಿದೆ. ಅದರ ಕೆಳಗೆ
ಸಮುದ್ರದಿಂದ ಹೀರಿ ಸುರಿದ ಮರಳು,
ಮರಳಿನ ಕೆಳಗೆ ಸಮುದ್ರವೇ.
ಹೆಸರು ಹಾಗೆ, ಅಂದೆ. ವೀಸಾದಲ್ಲಿ ನಾನು
ಹನ್ನೊಂದು ವರ್ಷ ತೋಟದ ಮಾಲಿ.

ಅವನ ಸಣ್ಣ ಪುಸ್ತಕದಲ್ಲಿ ಸ್ಟೋರಿನ ಪಟ್ಟಿ, ಕನ್ನಡದಲ್ಲಿ:
ನಾಝಲ್ ೪, ಫೈಲು ೧, ಅರ್ಥ ೨.
ತಿದ್ದಲು ಹೋದವನು ಸುಮ್ಮನಾದೆ.
ಎರಡಿರಲಿ. ಒಂದರ ಸ್ಪ್ರಿಂಗು ಸಡಿಲ.

ಈ ಸಲ ಬೆಳ್ಳಿಗೆ ಸರಿಯಾಗಿ ಕಚ್ಚಿಸಿದ,
ಆದರೆ ಕತ್ತರಿಸಿ ತೆಗೆಯುವ ತುಂಡಿಗೆ.
ಬಾಯಿ ಬಿಡಲಿಲ್ಲ. ಅವನನ್ನು ದೂರ ನಿಲ್ಲಿಸಿ ಒತ್ತಿದೆ.
ಬೆಂಕಿ ಹರಿಯಿತು. ಸುಟ್ಟ ಬಣ್ಣದ ವಾಸನೆ,
ಬೂಟಿನ ಮೇಲೆ ಕಿಡಿ.
ಸೀಳು ಒಂದು ಗೇಣು ಸಾಗಿತು, ಮೂರು, ಐದು,
ಇನ್ನು ಬೆರಳಗಲ ಅನ್ನುವಾಗ
ತುಂಡು ಬಾಗಿ, ಹರಿದು, ಕ್ಲ್ಯಾಂಪನ್ನೂ ಕೇಬಲನ್ನೂ ಎಳೆದುಕೊಂಡು
ಧೊಪ್ಪನೆ ಬಿತ್ತು.
ನನ್ನ ಕೈಯಲ್ಲಿ ಬರೀ ಗಾಳಿಯ ಸೀಟಿ.

ಉಳಿಯೋ ಕಡೆಗೆ ಹಾಕಬೇಕು, ಬೀಳೋ ಕಡೆಗಲ್ಲ,
ಅಂತ ಆಗ ಹೇಳಿದೆ.
‘ಉಳಿಯೂದು ಯಾವುದ್ರೀ? ಪೂರಾ ಬೋಟೇ ಗುಜರಿಗೆ ಹೊಂಟೈತಿ.’

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ,
ನಾನೂ ರೊಡೆಲನನ್ನು ಕೇಳಿರಲಿಲ್ಲ.
ಸೀಮೆಸುಣ್ಣದ ಗೆರೆ ನೋಡಿದೆ,
ಗೆರೆಯಾಚೆ ಅಷ್ಟೇ ತುಕ್ಕು ಹಿಡಿದ ಇನ್ನೊಂದು ಗೆರೆ.
ಈ ರಾತ್ರಿಗೆ ಉಳಿಯೋದು, ಅಂದೆ.
ಅವನು ಬರೆದುಕೊಂಡ. ಬರೆದದ್ದೇನೆಂದು ನೋಡಲಿಲ್ಲ.
ಅಷ್ಟರಲ್ಲಿ ಇಜಾರುಲ್ ಚಹಾ ತಂದ, ಸಕ್ಕರೆ ಹೆಚ್ಚು.

ಮೂರಕ್ಕೆ ಪಾಳಿ ಮುಗಿಯಿತು. ಬಸ್ಸಿನಲ್ಲಿ ಅವನು
ಉಗುರಿನ ಸಂದಿಯ ಹಸಿರು ಪುಡಿ ಕೆರೆಯುತ್ತ ಕೂತ.
ನಾಳೆ ಹೋಗುವಷ್ಟರಲ್ಲಿ ಆ ಎಂಟಾಣೆ ಮತ್ತೆ ಕೆಂಪು,
ಉಪ್ಪುಗಾಳಿ ಯಾವ ಲೆಕ್ಕವನ್ನೂ ಬಾಕಿ ಇಡುವುದಿಲ್ಲ.
ಫೈಲು ಸ್ಟೋರಿಗೆ ವಾಪಸು ಕೊಡಬೇಕಿತ್ತು.
ಅವನ ಚೀಲದಲ್ಲೇ ಇತ್ತು.