ಹತ್ತಿರ

ಊರಿನ ಆಸ್ಪತ್ರೆ ಮುಚ್ಚಿ ಮೂರು ಚಳಿಗಾಲವಾಯಿತು.
ಹೆದ್ದಾರಿಯ ತಿರುವಿನಲ್ಲಿ ಆ ನೀಲಿ ಹಲಗೆ ಮಾತ್ರ
ಇನ್ನೂ ನಿಂತಿದೆ. ಬಿಳಿಯ ಒಂದೇ ಅಕ್ಷರ, ಎಚ್.
ಕೆಳಗೊಂದು ಬಾಣ.
ಬಾಣವನ್ನು ನಂಬಿ ಹೋದವರಿಗೆ ಸಿಗುವುದು
ಸರಪಳಿ ಬಿಗಿದ ಬಾಗಿಲು,
ಪಾರ್ಕಿಂಗಿನ ಬಿರುಕುಗಳಲ್ಲಿ ಮೊಣಕಾಲೆತ್ತರ ಹುಲ್ಲು,
ರಸ್ತೆಯಾಚೆ ರಾತ್ರಿಯಿಡೀ ಉರಿಯುವ
ನನ್ನ ದೀಪ.

ನಾನು ದನದ ಡಾಕ್ಟರು.
ಬೀದರಿನಲ್ಲಿ ಎಮ್ಮೆಯ ಎದೆಗೆ ಕಿವಿಗೊಟ್ಟು ಕಲಿತವಳು.
ಕ್ಯಾನ್ಸಸ್ ರಾಜ್ಯ ಕೊಟ್ಟ ಪರವಾನಗಿ ಗೋಡೆಯ ಮೇಲಿದೆ,
ಎರಡು ಕಾಲಿನವರಲ್ಲಿ ಅದು ಒಪ್ಪುವುದು
ಕೋಳಿಯನ್ನು, ಟರ್ಕಿಯನ್ನು.
ಆದರೂ ಬಾಗಿಲು ಬಡಿಯುತ್ತಾರೆ.
ಹೆಬ್ಬೆರಳಿಗೆ ಮೀನಿನ ಗಾಳ ಹೊಕ್ಕವನು,
ಸುಡುವ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದವಳು.
ನೀವು ಡಾಕ್ಟರೇ ತಾನೆ?
ಅಲ್ಲವೆನ್ನಲು ನಾಲಗೆ ಏಳುವುದಿಲ್ಲ,
ಹೌದೆನ್ನಲು ಕಾನೂನು ಬಿಡುವುದಿಲ್ಲ.
ನಡುವೆ ಇರುವುದು, ಲಸಿಕೆಯ ಫ್ರಿಜ್ಜಿಗೆ ಅಂಟಿಸಿದ ಹಾಳೆ:

ಪೂರ್ವಕ್ಕೆ ಎಪ್ಪತ್ತೊಂದು ಮೈಲಿ. ಹೃದಯ, ಹೆರಿಗೆ, ಎಲ್ಲ.
ಉತ್ತರಕ್ಕೆ ನಲವತ್ತನಾಲ್ಕು. ಹೊಲಿಗೆ, ಎಕ್ಸ್‌ರೇ.
ಭಾನುವಾರವಾದರೆ ಕೇಳಿಕೊಂಡು ಹೋಗಿ.
ದಕ್ಷಿಣಕ್ಕೆ ಒಕ್ಲಹೋಮ, ಬರೀ ಇಪ್ಪತ್ತೊಂಬತ್ತು.
ಗಡಿ ಎಲ್ಲಿತ್ತೆಂದು
ಬಿಲ್ಲು ಬಂದ ಮೇಲೆ ತಿಳಿಯುತ್ತದೆ.

ಹತ್ತಿರ.
ಈ ಮಾತಿನ ಹೊಟ್ಟೆಯಲ್ಲಿ ಒಂದು ಹತ್ತು ಕೂತಿದೆಯೆಂದು
ಇಲ್ಲಿಗೆ ಬಂದ ಮೇಲೆ ಕಂಡೆ.
ಹತ್ತು ಮಾರು, ಹತ್ತು ಮನೆ, ಹೆಚ್ಚೆಂದರೆ ಹತ್ತು ನಿಮಿಷ.
ಎಪ್ಪತ್ತೊಂದಕ್ಕೆ ನಮ್ಮಲ್ಲಿ ಬೇರೆ ಮಾತಿದೆ: ಪರವೂರು.

ಫೆಬ್ರವರಿಯ ಒಂದು ರಾತ್ರಿ ವರ್ನನ್ ಶ್ರಾಗ್ ಬಂದ,
ಪಿಕಪ್ಪನ್ನು ತಾನೇ ಓಡಿಸಿಕೊಂಡು,
ಎಡ ದವಡೆಯನ್ನು ಅಂಗೈಯಲ್ಲಿ ಹಿಡಿದು.
ಹಲ್ಲುನೋವು ಅಂದ. ಕುದುರೆ ಮಾತ್ರೆ ಇದ್ದರೆ ಒಂದು ಕೊಡು.
ಹಣೆಯ ತುಂಬ ಬೆವರು. ಹೊರಗೆ ಬಕೆಟ್ಟಿನ ನೀರು ಕಲ್ಲಾಗಿತ್ತು.
ಇಂಥ ಚಳಿಯಲ್ಲಿ ಬೆವರುವ ಹಲ್ಲುನೋವು
ನನ್ನ ಪುಸ್ತಕದಲ್ಲೂ ಇಲ್ಲ.

ಒಂಬತ್ತು, ಒಂದು, ಒಂದು.
ಆ ಕಡೆಯ ಹುಡುಗಿಗೆ ಇಪ್ಪತ್ತೆರಡು ಇರಬಹುದು,
ದನಿಗೆ ಅರವತ್ತು.
ಅಲರ್ಜಿ ಇದೆಯಾ ಕೇಳಿ. ಇಲ್ಲವಾ, ಆಸ್ಪಿರಿನ್ ಅಗಿಯಲಿ.
ನಿಲ್ಲಿಸಬೇಡಿ, ಕೂರಿಸಿ.
ಕೌಂಟಿಗೆ ಇರುವ ಒಂದೇ ಆಂಬುಲೆನ್ಸ್ ಬೇರೆ ಕಡೆ ಹೋಗಿದೆ.
ಈ ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲ.
ಪಕ್ಕದ ಕೌಂಟಿಯ ಗಾಡಿ ಹೊರಟಿದೆ, ನೀವು ಎದುರು ಬರಬಲ್ಲಿರಾ,
ಮೂವತ್ತನೇ ಮೈಲಿಯ ಗೋಧಿ ಗೋಪುರದ ತನಕ?

ನಮ್ಮ ಕಡೆ ಬೀಗರನ್ನು ಎದುರುಗೊಳ್ಳುತ್ತಾರೆ,
ಊರ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು.
ನಾನು ಹೊರಟೆ ಒಂದು ಕೆಂಪು ದೀಪವನ್ನು ಎದುರುಗೊಳ್ಳಲು,
ಸಗಣಿ ಮೆತ್ತಿದ ಬೂಟಿನಲ್ಲಿ.
ಫೋನು ಡ್ಯಾಶ್‌ಬೋರ್ಡಿನ ಮೇಲೆ, ಹುಡುಗಿ ಇನ್ನೂ ಅದರೊಳಗೆ.
ಮಾತಾಡಿಸುತ್ತಿರಿ ಅಂದಳು.
ನಿನ್ನ ಹಸುಗಳ ಹೆಸರು ಹೇಳು ವರ್ನನ್.
ಬ್ಲಾಸಮ್, ಅಂದ. ಡಚೆಸ್. ಮಾಬೆಲ್.
ಎಲ್ಲ ನನಗೆ ಗೊತ್ತು, ಒಂದೊಂದರ ಕೆಚ್ಚಲೂ ಗೊತ್ತು.
ಬೇಕೆಂದೇ ತಪ್ಪು ಹೇಳಿದೆ:
ಕುಂಟುವವಳು ಡಚೆಸ್ ಅಲ್ಲವೇ?
ಮಾಬೆಲ್, ಎಂದು ತಿದ್ದಿದ.
ಮತ್ತೆ ತಪ್ಪಿದೆ. ಮತ್ತೆ ತಿದ್ದಿದ.
ಒಮ್ಮೆ ತಿದ್ದಲಿಲ್ಲ.
ಆ ಎರಡು ಮೈಲಿಯನ್ನು ಹೇಗೆ ಓಡಿಸಿದೆನೋ
ಇವತ್ತಿಗೂ ತಿಳಿಯದು.
ಆಮೇಲೆ, ಮೆಲ್ಲಗೆ: ಪೆದ್ದೀ, ಅವಳು ಮಾಬೆಲ್.

ಗೋಪುರವೆಂದರೆ ಇಲ್ಲಿ ಕಾಂಕ್ರೀಟು, ಕಳಶವಿಲ್ಲ.
ಅದರ ಬುಡದಲ್ಲಿ ಆ ದೀಪ ತಿರುಗುತ್ತ ನಿಂತಿತ್ತು.
ಮೂರೇ ನಿಮಿಷ. ಅವರ ಮಂಚಕ್ಕೆ ಅವನು,
ನನ್ನ ಕೈಗೆ ಅವನ ಟೋಪಿ.
ಯಾರೂ ನನ್ನ ಪರವಾನಗಿ ಕೇಳಲಿಲ್ಲ.

ಟೋಪಿ ಈಗ ಕ್ಲಿನಿಕ್ಕಿನ ಮೊಳೆಯಲ್ಲಿದೆ.
ಏಪ್ರಿಲ್‌ನಲ್ಲಿ ಬಂದವನು ನೋಡಿದ, ಒಯ್ಯಲಿಲ್ಲ.
ಇರಲಿ, ಜಾಗ ಹಿಡಿದಂತಾಯಿತು, ಅಂದ.

ಹೆದ್ದಾರಿಯ ಹಲಗೆ ಕೀಳಿಸಿ ಎಂದು
ಕೌಂಟಿಗೆ ಎರಡು ಪತ್ರ ಬರೆದೆ. ಉತ್ತರವಿಲ್ಲ.
ಅದನ್ನೀಗ ನಮ್ಮ ಭಾಷೆಯಲ್ಲಿ ಓದುತ್ತೇನೆ:
ಎಚ್, ಎಚ್ಚರದ ಮೊದಲರ್ಧ.
ಉಳಿದರ್ಧವನ್ನು ನಲವತ್ತು ಪ್ರತಿ ತೆಗೆಸಿ
ಪೆಟ್ರೋಲ್ ಬಂಕಿಗೆ, ಚರ್ಚಿಗೆ, ಶಾಲೆಯ ಅಡುಗೆಮನೆಗೆ ಹಂಚಿದೆ.
ಎಲ್ಲಕ್ಕೂ ಕೊನೆಯ ಸಾಲು ಕೈಬರಹ:
ಮೊದಲು ಫೋನು.
ಆಮೇಲೆ ನನ್ನ ಬಾಗಿಲು.