ಯಾವ ಪೇಪರ್ ಸಾರ್?

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಗೇಟಿನ ಹತ್ತಿರ
ಬೆಳಗ್ಗೆ ಎಂಟಕ್ಕೆ ಕ್ಯಾಮೆರಾ ಹೊರತೆಗೆದರೆ
ಬೆಳಕಿಗಿಂತ ಮೊದಲು ಬರುತ್ತದೆ ಪ್ರಶ್ನೆ:
'ಯಾವ ಪೇಪರ್ ಸಾರ್?'
ಯಾವ ಪೇಪರೂ ಅಲ್ಲ ಅಂದರೆ,
'ಮತ್ತೆ ಯಾಕೆ?'

ಈ ಎರಡನೆಯದಕ್ಕೆ ಹನ್ನೊಂದು ವರ್ಷದಿಂದ
ಬಾಯಿಗೆ ಬಂದದ್ದು ಹೇಳಿಕೊಂಡು ಬಂದಿದ್ದೇನೆ.
ಹವ್ಯಾಸ ಅಂದೆ, ಕೆಲಸವಿಲ್ಲದವನು ಅಂದುಕೊಂಡರು.
ಕಲೆ ಅಂದ ದಿನ ನನಗೇ ನಾಚಿಕೆಯಾಯಿತು.
ಸರ್ವೆ ಅಂದಾಗ ಮಾತ್ರ
ಮುನಿವೆಂಕಟಮ್ಮ ಓಡಿಹೋಗಿ ರೇಷನ್ ಕಾರ್ಡು ತಂದರು.

ಹತ್ತೂವರೆಗೆ ಸ್ಟುಡಿಯೋ ಬಾಗಿಲು ತೆಗೆಯಬೇಕು.
ಅಲ್ಲಿ ನೀಲಿ ಪರದೆ, ಸ್ಟೂಲು, ಹಲ್ಲು ಮುರಿದ ಬಾಚಣಿಗೆ,
ಎಲ್ಲ ಅಳತೆಯವರಿಗೂ ಒಂದೇ ಕಪ್ಪು ಕೋಟು.
ಗದ್ದ ಎತ್ತಿ, ಕಿವಿ ಕಾಣಲಿ, ನಗಬೇಡಿ,
ರೆಪ್ಪೆ ಬಡೀಬೇಡಿ ಅಂದೆನಲ್ಲ.
ಎಂಟು ಕಾಪಿಗೆ ಎಂಬತ್ತು ರೂಪಾಯಿ.
ಅರ್ಧ ಊರಿನ ಮುಖ ನನ್ನ ಹಾರ್ಡ್ ಡಿಸ್ಕಿನಲ್ಲಿದೆ.
ಒಬ್ಬರೂ ಅವರ ಹಾಗಿಲ್ಲ.

ಅದಕ್ಕೇ ಇರಬೇಕು ಬೀದಿ.
ಇಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ.
ರೀಲರ್ ಗಫೂರ್ ಸಾಬರು ಗೂಡಿನ ರಾಶಿಯೊಳಕ್ಕೆ
ಮೊಣಕೈವರೆಗೂ ಕೈ ಇಳಿಸಿ
ತಳದಿಂದ ಒಂದನ್ನು ಮೇಲೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.
ಒಳಗಿನ ಹುಳ ಏನೋ ಹೇಳುತ್ತದೆ,
ಎಡ ಹುಬ್ಬು ಒಂದು ಗೆರೆಯಷ್ಟು ಏರುತ್ತದೆ.
ಅದು. ಆ ಗೆರೆ.
ನೂರರಲ್ಲಿ ತೊಂಬತ್ತೆಂಟು ಸಲ
ನಾನು ಒತ್ತುವಷ್ಟರಲ್ಲಿ ಇಳಿದಿರುತ್ತದೆ.

ಹೋದ ವರ್ಷ ಏನೂ ಕಾಣದಾಯಿತು,
ಆಷಾಢದಿಂದ ದೀಪಾವಳಿಯವರೆಗೆ.
ಅದೇ ಗೋಡೆ, ಅದೇ ಮೂರು ಕಾಲಿನ ನಾಯಿ,
ಅದೇ ನೆರಳು ಅದೇ ಹೊತ್ತಿಗೆ ಅದೇ ಶಟರಿನ ಮೇಲೆ.
ರಾತ್ರಿ ಫೋನಿನಲ್ಲಿ ಬೇರೆಯವರ ಬೀದಿಗಳು:
ಯಾವುದೋ ದೇಶದ ಮಳೆ, ಒಂದೇ ಒಂದು ಕೆಂಪು ಕೊಡೆ.
ನಮ್ಮೂರಲ್ಲಿ ಮಳೆ ಬಂದರೆ ತಲೆಗೆ ಗೊಬ್ಬರದ ಚೀಲ.
ಚೀಟಿ ಎತ್ತಿ ಹೊಸ ಲೆನ್ಸು ಕೊಂಡೆ.
ಎಲ್ಲವನ್ನೂ ಕಪ್ಪು-ಬಿಳುಪು ಮಾಡಿದೆ,
ಬೇಜಾರು ಕಪ್ಪು-ಬಿಳುಪಾಯಿತು, ಅಷ್ಟೆ.

ಆ ದಿನಗಳಲ್ಲೇ ಒಮ್ಮೆ ಫಿಲೇಚರಿನ ಆವಿಯೊಳಗೆ
ಖಮರುನ್ನೀಸಾ ಅವರ ಮುಂದೆ ನಿಂತಿದ್ದೆ.
'ಗೂಡು ಬೆಂದ್ ಮ್ಯಾಲೆ ಎಳೆ ತಾನೇ ಬರ್ತದೆ ಭಾಯ್.
ಮುಂಚೇನೇ ಎಳೆದ್ರೆ ಗೂಡೂ ಹಾಳು, ಕೈಯೂ ಹಾಳು.'
ಇದನ್ನು ಬೇರೆ ಯಾರಾದರೂ ಗಾದೆ ಮಾಡಿಕೊಳ್ಳಲಿ.
ನಾನು ನೋಡಿದ್ದು ಬೆರಳು.
ಬಿಸಿನೀರಲ್ಲಿ ಬಿಳಿಚಿ ಗೆರೆಗಳೆಲ್ಲ ಅಳಿಸಿ ಹೋಗಿದ್ದವು,
ರೇಷನ್ ಅಂಗಡಿಯ ಯಂತ್ರಕ್ಕೆ
ಅವರ ಹೆಬ್ಬೆಟ್ಟು ಗುರುತೇ ಸಿಗುವುದಿಲ್ಲವಂತೆ.
ತೆಗೆಯಲಿಲ್ಲ.
ಲೆನ್ಸಿಗೆ ಆವಿ ಕೂತಿತ್ತು ಅನ್ನುವುದು ನೆಪ.

ಮೊನ್ನೆ, ಅಂಜಿನಪ್ಪನ ಟೀ ಅಂಗಡಿಯಲ್ಲಿ
ಅವನ ಮೊಮ್ಮಗಳು ಸಿಂಚನ, ಏಳನೇ ಕ್ಲಾಸು,
'ಅಂಕಲ್, ನಿಮ್ಮನ್ನ ಹಿಡ್ದೆ' ಅಂದಳು.
ಒಡೆದ ಗಾಜಿನೊಳಗೆ ಯಾವನೋ ಒಬ್ಬ
ಅರ್ಧ ಬಗ್ಗಿದ್ದಾನೆ, ಒಂದು ಚಪ್ಪಲಿ ಚರಂಡಿಯ ಅಂಚಿಗೆ,
ಒಂದು ಕಣ್ಣು ಮುಚ್ಚಿ ಬಾಯಿ ತೆರೆದು,
ಕಿವಿ ಮಂದವಾದವನು ಪಕ್ಕದ ಮನೆಯ ಜಗಳ
ಕೇಳಿಸಿಕೊಳ್ಳಲು ಹೆಣಗುವ ಹಾಗೆ.

ಇಷ್ಟು ವರ್ಷ ನನ್ನನ್ನು ಬೇಟೆಗಾರ ಅಂದುಕೊಂಡಿದ್ದೆ,
ಧೈರ್ಯ ಸಾಲದ ದಿನ ಕಳ್ಳ,
ಒಂದೆರಡು ಸಂಜೆ, ಯಾರಿಗೂ ಹೇಳದೆ, ಸಾಕ್ಷಿ.
ಇವನು ಯಾವನೂ ಅಲ್ಲ.
ಹೊಟ್ಟೆ ಬೇರೆ ಬಂದಿದೆ.
ಗದ್ದ ಎತ್ತಿ ಅನ್ನಬೇಕೆನಿಸಿತು.

'ಚೆನ್ನಾಗಿಲ್ವಾ? ಡಿಲೀಟ್ ಮಾಡ್ಲಾ?'
ಬೇಡ, ಇರಲಿ. ಯಾಕೆ ತೆಗೆದೆ?
'ಸುಮ್ನೆ' ಅಂದಳು, ಜಡೆ ಹಿಂದಕ್ಕೆ ಎಸೆದು,
'ನೀವು ಅಲ್ಲಿದ್ರಿ.'

ಟೀ ದುಡ್ಡು ಕೊಟ್ಟು ಹೊರಬಂದೆ.
ಎಂಟು ಮುಕ್ಕಾಲು, ಬಿಸಿಲಿನ್ನೂ ಮೆತ್ತಗಿದೆ.
ತಿರುವಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದು
ಟಿವಿಎಸ್ಸಿನ ಮೇಲೆ ಬರುತ್ತಿತ್ತು,
ಓಡಿಸುವವನು ಎಲ್ಲೂ ಕಾಣುತ್ತಿಲ್ಲ.
ನಾಯಿ ಅಡ್ಡ ಬಂತು.
ಸೊಪ್ಪೇ ಬ್ರೇಕು ಹಾಕಿತು,
ಸೊಪ್ಪೇ ಬೈಯಿತು.

ನನ್ನ ಬಾಯಿ ತೆರೆದಿರಬೇಕು.